ಸೂಜಿಯ ತುದಿಗೆ ಕಣ್ಣು ಇಟ್ಟವರು – ಎಲಿಯಾಸ್ ಹೋವ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕೆಂದು ಮೇಷ್ಟ್ರು ಹೇಳಿದರು. ಎಲ್ಲರೂ ಗಾಂಧೀಜಿ, ನೆಹರೂ, ವಿಶ್ವೇಶ್ವರಯ್ಯ ಅಂತ ಹೆಸರು ಕೊಟ್ಟರು. ನಾನು ಎಲಿಯಾಸ್ ಹೋವ್ ಅಂದಾಗ ಹಿಂದಿನ ಬೆಂಚಿನವರು ನಕ್ಕರು. ಆದರೆ ನೀವು ಹಾಕಿಕೊಂಡಿರುವ ಯೂನಿಫಾರಂ ಇದೆಯಲ್ಲಾ, ಅದರ ಹೊಲಿಗೆಗೂ ಅವರಿಗೂ ಸಂಬಂಧ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ನಮ್ಮ ಅವ್ವ ಮನೆಯಲ್ಲಿ ಮಿಷನ್ ಹೊಲಿಯುತ್ತಾಳೆ. ಗೌರಿ ಹಬ್ಬದ ಹಿಂದಿನ ದಿನ ಅವ್ವ ನೀರಿಗೆ ಹೋಗಿದ್ದಾಗ ನಾನು ಗೊಂಬೆಗೆ ಲಂಗ ಹೊಲಿಯಲು ಹೋಗಿ ಸೂಜಿ ಮುರಿದೆ. ಹೆದರಿಕೊಂಡು ಡಬ್ಬಿಯಿಂದ ಬೇರೆ ಸೂಜಿ ತೆಗೆದು ಹಾಕಿದೆ. ಮಿಷನ್ ಸೂಜಿಗೆ ಮೇಲೆ ಒಂದು ಕಡೆ ಚಪ್ಪಟೆ ಇರುತ್ತದೆ, ಅದು ಯಾವ ಕಡೆಗೆ ಬರಬೇಕು ಅಂತ ನೋಡಲೇ ಇಲ್ಲ. ಸಂಜೆ ಅವ್ವ ಹೊಲಿಯಲು ಕೂತರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ದಾರ ಹತ್ತು ಸಲ ಕಿತ್ತುಕೊಂಡಿತು. ಅವ್ವ ಬಾಬಿನ್ ಬಿಚ್ಚಿದಳು, ಎಣ್ಣೆ ಬಿಟ್ಟಳು, ಏನೂ ಸರಿಹೋಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಪಕ್ಕದ ಮನೆಯವರ ಹಬ್ಬದ ರವಿಕೆಯನ್ನು ಅವ್ವ ರಾತ್ರಿ ಹನ್ನೆರಡರ ತನಕ ಕೈಯಲ್ಲೇ ಹೊಲಿದು ಮುಗಿಸಿದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಮಿಷನ್ ಕಂಡುಹಿಡಿದವರು ಯಾರು ಅಂತ ಮಾರನೇ ವಾರ ಮೇಷ್ಟ್ರನ್ನು ಕೇಳಿದೆ. ಆಗ ಗೊತ್ತಾದದ್ದು ಈ ಚರಿತ್ರೆ.

ಎಲಿಯಾಸ್ ಹೋವ್ ಅವರು 1819ನೇ ಇಸವಿ ಜುಲೈ 9ರಂದು ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ರೈತರು. ಹಿಟ್ಟಿನ ಗಿರಣಿಯೂ ಇತ್ತು. ಮನೆ ತುಂಬಾ ಮಕ್ಕಳು, ಬಡತನ. ಆರು ವರ್ಷದ ಹುಡುಗನಾಗಿದ್ದಾಗಲೇ ಹತ್ತಿ ಹಿಂಜುವ ಹಣಿಗೆಗೆ ಚರ್ಮದ ಪಟ್ಟಿಯ ಮೇಲೆ ತಂತಿಯ ಹಲ್ಲು ಚುಚ್ಚುವ ಕೆಲಸ ಮಾಡುತ್ತಿದ್ದರು. ಅವರಿಗೆ ಒಂದು ಕಾಲು ಕುಂಟು. ಭಾರದ ಕೆಲಸ ಆಗುತ್ತಿರಲಿಲ್ಲ. ಆದರೆ ಯಂತ್ರ ಅಂದರೆ ಬಹಳ ಪ್ರೀತಿ.

1835ರಲ್ಲಿ ಲೋವೆಲ್ ಎಂಬ ಪಟ್ಟಣಕ್ಕೆ ಹೋಗಿ ಬಟ್ಟೆ ಗಿರಣಿಯ ಯಂತ್ರ ಮಾಡುವ ಕಾರ್ಖಾನೆಗೆ ಸೇರಿದರು. 1837ರಲ್ಲಿ ದೇಶದಲ್ಲೆಲ್ಲ ವ್ಯಾಪಾರ ಬಿದ್ದುಹೋಗಿ ಕೆಲಸ ಹೋಯಿತು. ಆಮೇಲೆ ಬಾಸ್ಟನ್ ಊರಿನಲ್ಲಿ ಆರಿ ಡೇವಿಸ್ ಎಂಬುವರ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಬಟ್ಟೆ ಹೊಲಿಯುವ ಯಂತ್ರ ಯಾರಾದರೂ ಮಾಡಿದರೆ ಶ್ರೀಮಂತರಾಗುತ್ತಾರೆ ಎಂಬ ಮಾತು ಅವರ ಕಿವಿಗೆ ಬಿದ್ದದ್ದು ಅಲ್ಲೇ.

1841ರಲ್ಲಿ ಎಲಿಜಬೆತ್ ಎಂಬುವರೊಂದಿಗೆ ಮದುವೆಯಾಯಿತು. ಮೂರು ಮಕ್ಕಳಾದವು. ಸಂಬಳ ವಾರಕ್ಕೆ 9 ಡಾಲರ್, ಸಂಸಾರಕ್ಕೆ ಸಾಲದು. ಹೋವ್ ಅವರು ಸಂಜೆ ಮನೆಗೆ ಬಂದರೆ ಸುಸ್ತಾಗಿ ಮಲಗಿಬಿಡುತ್ತಿದ್ದರಂತೆ. ಎಲಿಜಬೆತ್ ಊರಿನವರ ಬಟ್ಟೆ ತಂದು ಮನೆಯಲ್ಲಿ ಕೈಯಲ್ಲಿ ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಹೆಂಡತಿ ಪಡುತ್ತಿದ್ದ ಆ ಪಾಡನ್ನು ಇವರು ಕಣ್ಣಾರೆ ನೋಡುತ್ತಿದ್ದರು. ಯಂತ್ರದ ಯೋಚನೆ ತಲೆಯಲ್ಲಿ ಕೂತುಬಿಟ್ಟಿತು.

ಮೊದಲು ಅವರು ಎಡವಿದರು. ಕೈ ಹೇಗೆ ಹೊಲಿಯುತ್ತದೋ ಯಂತ್ರವೂ ಹಾಗೇ ಹೊಲಿಯಲಿ ಅಂತ ಎರಡೂ ಕಡೆ ಚೂಪು, ನಡುವೆ ಕಣ್ಣು ಇರುವ ಸೂಜಿ ಮಾಡಿದರು. ಅದು ಸರಿ ಬರಲಿಲ್ಲ. ತಿಂಗಳುಗಟ್ಟಲೆ ಒದ್ದಾಡಿ 1844ರಲ್ಲಿ ಉಪಾಯ ಹೊಳೆಯಿತು. ಸೂಜಿಯ ಕಣ್ಣನ್ನು ಹಿಂದೆ ಇಡದೆ ಚೂಪು ತುದಿಯ ಹತ್ತಿರ ಇಟ್ಟರು! ಈಟಿ ಹಿಡಿದ ಕಾಡುಜನ ಕನಸಿನಲ್ಲಿ ಬಂದು, ಆ ಈಟಿಗಳ ತುದಿಯಲ್ಲಿ ತೂತು ಇದ್ದವು ಅಂತ ಒಂದು ಕಥೆ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಅವರು ಪಟ್ಟ ಕಷ್ಟ ಮಾತ್ರ ನಿಜ.

ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಸೂಜಿ ಮೇಲಿನ ದಾರವನ್ನು ಬಟ್ಟೆಯೊಳಗೆ ತೂರಿಸಿ ಹಿಂದಕ್ಕೆ ಬರುವಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗೆ ನೇಕಾರರ ಲಾಳಿಯಂಥ ಒಂದು ಸಣ್ಣ ಲಾಳಿ ಇನ್ನೊಂದು ದಾರ ಹಿಡಿದು ಓಡುತ್ತದೆ. ಎರಡೂ ದಾರ ಬಟ್ಟೆಯ ನಡುವೆ ಬಿಗಿಯಾಗಿ ಕೂರುತ್ತವೆ. ಈ ಹೊಲಿಗೆ ಒಂದು ಕಡೆ ಕಿತ್ತರೆ ಸರಪಳಿ ಹೊಲಿಗೆಯ ಹಾಗೆ ಪೂರ್ತಿ ಬಿಚ್ಚಿ ಹೋಗುವುದಿಲ್ಲ. ನನ್ನ ಸೂಜಿ ತಿರುಗಿ ಕೂತಿದ್ದರಿಂದ ಕುಣಿಕೆ ಸರಿಯಾದ ಕಡೆ ಬೀಳಲಿಲ್ಲ, ಅದಕ್ಕೇ ಅವ್ವನ ಹೊಲಿಗೆ ಬಿಟ್ಟಿತು.

ಜಾರ್ಜ್ ಫಿಶರ್ ಎಂಬ ಗೆಳೆಯರು ಲಾಭದಲ್ಲಿ ಅರ್ಧ ಪಾಲು ಕೇಳಿ ಮನೆಯಲ್ಲಿ ಜಾಗ, ಊಟ, 500 ಡಾಲರ್ ಕೊಟ್ಟರು. 1845ರಲ್ಲಿ ಯಂತ್ರ ಸಿದ್ಧವಾಯಿತು. ಬಾಸ್ಟನ್‌ನಲ್ಲಿ ಪಂದ್ಯ ಇಟ್ಟರು. ಚುರುಕಾಗಿ ಕೈ ಹೊಲಿಗೆ ಹಾಕುವ ಐದು ಮಂದಿ ಹೆಂಗಸರಿಗೆ ಒಂದೊಂದು ಹೊಲಿಗೆಯ ಕೆಲಸ, ಹೋವ್ ಒಬ್ಬರಿಗೇ ಐದು. ಅವರೇ ಮೊದಲು ಮುಗಿಸಿದರು. ಯಂತ್ರ ನಿಮಿಷಕ್ಕೆ 250 ಹೊಲಿಗೆ ಹಾಕುತ್ತಿತ್ತು. 1846ರ ಸೆಪ್ಟೆಂಬರ್ 10ರಂದು ಪೇಟೆಂಟ್ ಸಿಕ್ಕಿತು. ಆದರೆ ಕೊಳ್ಳುವವರೇ ಇಲ್ಲ! ಬೆಲೆ 300 ಡಾಲರ್. ದರ್ಜಿಗಳಿಗೆ ತಮ್ಮ ಅನ್ನ ಹೋಗುತ್ತದೆಂಬ ಭಯ.

ಅವರ ಸಹೋದರ ಯಂತ್ರವನ್ನು ಇಂಗ್ಲೆಂಡಿಗೆ ಒಯ್ದು ಲಂಡನ್‌ನ ವಿಲಿಯಂ ಥಾಮಸ್ ಎಂಬ ವ್ಯಾಪಾರಿಗೆ 250 ಪೌಂಡಿಗೆ ಕೊಟ್ಟರು. 1847ರಲ್ಲಿ ಹೋವ್ ಕೂಡ ಅಲ್ಲಿಗೆ ಹೋಗಿ ಆ ವ್ಯಾಪಾರಿಯ ಹತ್ತಿರ ದುಡಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಕೆಲವು ತಿಂಗಳಲ್ಲೇ ಜಗಳವಾಗಿ ಕೆಲಸ ಹೋಯಿತು. ಪರದೇಶದಲ್ಲಿ ಊಟಕ್ಕೂ ಕಷ್ಟ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ತಾವು ಮಾಡಿದ ಯಂತ್ರವನ್ನೂ ಪೇಟೆಂಟ್ ಕಾಗದವನ್ನೂ ಗಿರವಿ ಇಟ್ಟರು. 1849ರಲ್ಲಿ ಬರಿಗೈಲಿ ನ್ಯೂಯಾರ್ಕಿಗೆ ಬಂದಿಳಿದರು. ಅಷ್ಟರಲ್ಲಿ ಎಲಿಜಬೆತ್ ಅವರಿಗೆ ಕ್ಷಯ ರೋಗ, ಕೊನೇ ಸ್ಥಿತಿ ಎಂಬ ಸುದ್ದಿ ಬಂತು. ಊರಿಗೆ ಹೋಗಲು ದುಡ್ಡಿಲ್ಲ. ತಂದೆ 10 ಡಾಲರ್ ಕಳಿಸಿದ ಮೇಲೆ ಹೋಗಿ ಮುಖ ನೋಡಿದರು. ಸ್ವಲ್ಪದರಲ್ಲೇ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಹಾಕಿಕೊಳ್ಳಲು ಒಳ್ಳೇ ಬಟ್ಟೆ ಇಲ್ಲದೆ ಬೇರೆಯವರ ಬಟ್ಟೆ ಸಾಲ ತಂದರು. ಬಟ್ಟೆ ಹೊಲಿಯುವ ಯಂತ್ರ ಮಾಡಿದವರಿಗೇ ಹೀಗೆ! ಇದನ್ನು ಬರೆಯುವಾಗ ನನಗೆ ಕಣ್ಣಲ್ಲಿ ನೀರು ಬಂತು.

ಇತ್ತ ಅಮೆರಿಕಾದಲ್ಲಿ ಸಿಂಗರ್ ಮುಂತಾದವರು ಇವರ ಉಪಾಯವನ್ನೇ ಬಳಸಿ ಮಿಷನ್ ಮಾರತೊಡಗಿದರು. ಹೋವ್ ಕೋರ್ಟಿಗೆ ಹೋದರು. 1854ರಲ್ಲಿ ಗೆದ್ದರು. ಮಾರಿದ ಪ್ರತಿ ಮಿಷನ್‌ಗೂ ಇವರಿಗೆ ಹಣ ಬರತೊಡಗಿ, ಕಡೆಗೆ ಸುಮಾರು 20 ಲಕ್ಷ ಡಾಲರ್ ಸಂಪಾದಿಸಿದರು. ಅಮೆರಿಕಾದ ಅಂತರ್ಯುದ್ಧದಲ್ಲಿ ಅಷ್ಟು ಶ್ರೀಮಂತರಾದರೂ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಸೈನಿಕರಿಗೆ ಸಂಬಳ ತಡವಾದಾಗ ತಮ್ಮ ಕೈಯಿಂದ ಕೊಟ್ಟರು. 1867ರ ಅಕ್ಟೋಬರ್ 3ರಂದು, 48ನೇ ವಯಸ್ಸಿನಲ್ಲಿ ನಿಧನರಾದರು.

ಇನ್ನೊಂದು ಮಾತು. ಹೊಲಿಗೆ ಯಂತ್ರ ಒಬ್ಬರೇ ಮಾಡಿದ್ದಲ್ಲ. ಫ್ರಾನ್ಸಿನ ತಿಮೋನಿಯೇ ಎಂಬ ದರ್ಜಿ 1830ರಲ್ಲೇ ಒಂದು ಯಂತ್ರ ಮಾಡಿದ್ದರು. ದರ್ಜಿಗಳು ನುಗ್ಗಿ ಅವರ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕಾದ ವಾಲ್ಟರ್ ಹಂಟ್ ಅವರೂ ತುದಿಗೆ ಕಣ್ಣಿರುವ ಸೂಜಿ ಮಾಡಿದ್ದರು, ಆದರೆ ಪೇಟೆಂಟ್ ಮಾಡಿಸಲಿಲ್ಲ. ಕಾಲಿನಲ್ಲಿ ತುಳಿಯುವ ಪೆಡಲ್ ಹಾಕಿ ಮನೆ ಮನೆಗೆ ಮುಟ್ಟಿಸಿದವರಲ್ಲಿ ಸಿಂಗರ್ ಮುಖ್ಯರು. ಯಂತ್ರಗಳನ್ನು ಅಷ್ಟಾಗಿ ಇಷ್ಟಪಡದ ನಮ್ಮ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರ ಮಾತ್ರ ಒಳ್ಳೆಯದು, ಹೆಂಡತಿಯ ಕಷ್ಟ ನೋಡಲಾರದೆ ಪ್ರೀತಿಯಿಂದ ಮಾಡಿದ್ದು ಎಂಬರ್ಥದ ಮಾತು ಹೇಳಿದ್ದರು. ಅವರು ಹೇಳಿದ ಹೆಸರು ಸಿಂಗರ್. ನನಗನ್ನಿಸುತ್ತದೆ, ಆ ಮಾತು ಹೋವ್ ಅವರಿಗೇ ಹೆಚ್ಚು ಒಪ್ಪುತ್ತದೆ.

ಈ ಚರಿತ್ರೆಯಿಂದ ಸೋತರೂ ಬಿಡಬಾರದು ಎಂಬ ನೀತಿ ತಿಳಿಯುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಎಲಿಜಬೆತ್. ಯಾರ ಕೈಗೆ ಬಿಡುವು ಸಿಗಲಿ ಅಂತ ಯಂತ್ರ ಮಾಡಿದರೋ ಅವರಿಗೇ ಸುಖ ಸಿಗಲಿಲ್ಲ. ನಮ್ಮ ಅವ್ವನಿಗೆ ಹಾಗಾಗಬಾರದು. ಅದಕ್ಕೆ ಈ ಲೇಖನ ಗೋಡೆಗೆ ಅಂಟಿಸುವ ಮೊದಲೇ ಸೂಜಿ ವಿಷಯ ಅವ್ವನಿಗೆ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ, ತಲೆಗೆ ಒಂದು ಮೊಟಕಿ ನಕ್ಕಳು. ಚಪ್ಪಟೆ ಮಗ್ಗುಲು ಯಾವ ಕಡೆಗೆ ಬರಬೇಕೆಂದು ತೋರಿಸಿಕೊಟ್ಟಳು. ಈಗ ದಿನಾ ಸಂಜೆ ಗುಂಡಿ ಹಚ್ಚುವುದು, ಕಾಜಾ ಮಾಡುವುದು ನನ್ನ ಕೆಲಸ. ಬೆರಳಿಗೆ ಚುಚ್ಚುತ್ತದೆ, ಆದರೂ ಖುಷಿ.

ನಿಮ್ಮ ಮನೆಯಲ್ಲೂ ಮಿಷನ್ ಇದ್ದರೆ ಇವತ್ತು ಸಂಜೆ ಸೂಜಿಯ ತುದಿ ನೋಡಿ. ಕಣ್ಣು ಅಲ್ಲಿದೆ.

– 7ನೇ ತರಗತಿ ವಿದ್ಯಾರ್ಥಿನಿ