ಪೋಲಾಸಪುರದ ಕುಂಬಾರ ಶ್ರಾವಕ

ಭಗವಾನ್ ಮಹಾವೀರರ ಗೃಹಸ್ಥ ಶಿಷ್ಯರಲ್ಲಿ ಹತ್ತು ಮಂದಿಯ ಚರಿತೆಯನ್ನು ಶ್ವೇತಾಂಬರ ಪರಂಪರೆಯ ಏಳನೆಯ ಅಂಗವಾದ ಉಪಾಸಕದಶಾಂಗವು ಹೇಳುತ್ತದೆ. ಅವರಲ್ಲಿ ಏಳನೆಯವನು ಸದ್ದಾಲಪುತ್ರ. ಜಾತಿಯಿಂದಲೂ ಕಸುಬಿನಿಂದಲೂ ಕುಂಬಾರ.

ಪೋಲಾಸಪುರದ ಹೊರಗೆ ಅವನಿಗೆ 500 ಕುಂಬಾರಿಕೆಯ ಮಳಿಗೆಗಳಿದ್ದವು. ಅನ್ನ, ಕೂಲಿ ಪಡೆದ ಆಳುಗಳು ಅಲ್ಲಿ ದಿನವೂ ಗಡಿಗೆ, ಅರೆಗಡಿಗೆ, ಕಲಶ, ದೊಡ್ಡ ಹರವಿಗಳನ್ನು ಮಾಡುತ್ತಿದ್ದರು. ಬೇರೆಯವರು ಅವನ್ನು ರಾಜಬೀದಿಯಲ್ಲಿ ಮಾರುತ್ತಿದ್ದರು. ಮೂರು ಕೋಟಿ ಹೊನ್ನು, 10,000 ಹಸುಗಳ ಮಂದೆ ಅವನದಾಗಿತ್ತು. ಮಡದಿಯ ಹೆಸರು ಅಗ್ನಿಮಿತ್ರೆ. ಮೂವರು ಗಂಡುಮಕ್ಕಳು.

ಸದ್ದಾಲಪುತ್ರನು ಮಂಖಲಿಪುತ್ರ ಗೋಶಾಲನ ಆಜೀವಿಕ ಮತದ ಅನುಯಾಯಿ. ಆಗುವುದೆಲ್ಲವೂ ಮೊದಲೇ ನಿಶ್ಚಿತ, ಮನುಷ್ಯಪ್ರಯತ್ನದಿಂದ ಏನೂ ಬದಲಾಗದು ಎಂಬುದು ಆ ಮತ. ದಿನವಿಡೀ ತಿಗರಿ ತಿರುಗಿಸುವ ಕುಲದವನಿಗೆ ಇದು ಹೇಗೆ ಹಿಡಿಸಿತೋ! ಆದರೆ ಕೈಯಲ್ಲಿ ಚೆನ್ನಾಗಿ ರೂಪುಗೊಂಡ ಮಡಕೆ ಆವಿಗೆಯಲ್ಲಿ ಬಿರಿಯುವುದನ್ನು ಕಂಡವನಿಗೆ ನಿಯತಿಯ ಮಾತು ನಿಜವೆನಿಸಿದ್ದರೆ ಆಶ್ಚರ್ಯವಿಲ್ಲ.

ಒಂದು ಮಧ್ಯಾಹ್ನ ಅಶೋಕವನದಲ್ಲಿದ್ದ ಅವನಿಗೆ ದೇವನೊಬ್ಬನು ಕಾಣಿಸಿಕೊಂಡು, ಮರುದಿನ ಸರ್ವಜ್ಞನೊಬ್ಬನು ಬರುವನೆಂದೂ ಅವನನ್ನು ಸತ್ಕರಿಸಬೇಕೆಂದೂ ತಿಳಿಸಿದನು. ಬರುವವನು ತನ್ನ ಗುರು ಗೋಶಾಲನೇ ಎಂದು ಸದ್ದಾಲಪುತ್ರನು ನಂಬಿದನು. ಬಂದವರು ಮಹಾವೀರರು. ಆದರೂ ಅವನು ಹೋಗಿ ವಂದಿಸಿ, ತನ್ನ ಮಳಿಗೆಗಳಲ್ಲಿ ತಂಗಬೇಕೆಂದು ಬೇಡಿಕೊಂಡನು.

ಹೀಗೆ ತೀರ್ಥಂಕರರು ಕುಂಬಾರನ ಮಳಿಗೆಯಲ್ಲಿ ಉಳಿದರು. ಒಂದು ದಿನ ಅವನು ಹಸಿ ಮಡಕೆಗಳನ್ನು ಒಳಗಿನಿಂದ ತಂದು ಬಿಸಿಲಿಗೆ ಇಡುತ್ತಿದ್ದನು. ಇವು ಹೇಗಾದವೆಂದು ಮಹಾವೀರರು ಕೇಳಿದರು. ಮಣ್ಣನ್ನು ನೀರಿನಲ್ಲಿ ಕಲಸಿ, ಬೂದಿ ಸಗಣಿಗಳನ್ನು ಬೆರೆಸಿ, ಚಕ್ರಕ್ಕೇರಿಸುವುದನ್ನು ಅವನು ವಿವರಿಸಿದನು. ಇದೆಲ್ಲ ಪ್ರಯತ್ನದಿಂದಾಯಿತೋ ಪ್ರಯತ್ನವಿಲ್ಲದೆಯೋ ಎಂಬುದು ಮುಂದಿನ ಪ್ರಶ್ನೆ. ತನ್ನ ಮತಕ್ಕೆ ನಿಷ್ಠನಾಗಿ, ಪ್ರಯತ್ನವಿಲ್ಲದೆಯೇ ಎಂದನು. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ, ಅಗ್ನಿಮಿತ್ರೆಯ ಮಾನಕ್ಕೆ ಕೈಯಿಟ್ಟರೆ ಏನು ಮಾಡುವೆಯೆಂದು ಅವರು ಕೇಳಿದರು. ಬಯ್ಯುವೆನು, ಕಟ್ಟಿ ಬಡಿಯುವೆನು, ಕೊಲ್ಲಲೂ ಹಿಂಜರಿಯೆನು ಎಂದುಬಿಟ್ಟನು. ಎಲ್ಲವೂ ನಿಯತವಾದರೆ ಕದ್ದವನೂ ಇಲ್ಲ, ಕೆಡಿಸಿದವನೂ ಇಲ್ಲ, ದಂಡಿಸುವುದು ಯಾರನ್ನು? ತತ್ತ್ವವಾದದಲ್ಲಿ ಸೋಲದವನು ಹೆಂಡತಿಯ ಮಾತು ಬಂದಾಗ ಸೋತನು, ಎಚ್ಚೆತ್ತನು. ಹನ್ನೆರಡು ವ್ರತಗಳನ್ನು ಸ್ವೀಕರಿಸಿ ಮನೆಗೆ ಬಂದು ಅಗ್ನಿಮಿತ್ರೆಗೆ ತಿಳಿಸಲು, ಅವಳೂ ರಥವೇರಿ ಹೋಗಿ ಶ್ರಾವಿಕೆಯಾದಳು.

ಸುದ್ದಿ ಕೇಳಿ ಗೋಶಾಲನು ಶಿಷ್ಯನನ್ನು ಮರಳಿ ಪಡೆಯಲು ಬಂದನು; ಮಹಾವೀರರನ್ನು ಬಗೆಬಗೆಯಾಗಿ ಹೊಗಳಿದನು. ತನ್ನ ಗುರುವನ್ನು ಹೊಗಳಿದ್ದಕ್ಕಾಗಿ ಮಾತ್ರ, ಧರ್ಮವೆಂದಲ್ಲ, ಎಂದು ಸ್ಪಷ್ಟಪಡಿಸಿಯೇ ಸದ್ದಾಲಪುತ್ರನು ಅವನಿಗೆ ತಂಗಲು ಸ್ಥಳ ಕೊಟ್ಟನು. ಗೋಶಾಲನು ಬರಿಗೈಯಲ್ಲಿ ಹಿಂದಿರುಗಿದನು.

ವ್ರತಸ್ಥನಾಗಿ ಹದಿನಾಲ್ಕು ವರ್ಷಗಳು ಕಳೆದವು. ಹದಿನೈದನೆಯ ವರ್ಷದ ಒಂದು ನಡುರಾತ್ರಿ, ಪೌಷಧಶಾಲೆಯಲ್ಲಿ ಧ್ಯಾನಮಗ್ನನಾಗಿದ್ದಾಗ, ದೇವನೊಬ್ಬನು ಖಡ್ಗ ಹಿಡಿದು ಬಂದು ವ್ರತ ಬಿಡುವಂತೆ ಬೆದರಿಸಿದನು. ಅವನು ಕದಲಲಿಲ್ಲ. ಹಿರಿಯ ಮಗನನ್ನು, ನಡುವಿನವನನ್ನು, ಕಿರಿಯವನನ್ನು ಕಣ್ಣೆದುರಿಗೇ ಕಡಿದಂತಾಯಿತು. ಆಗಲೂ ಕದಲಲಿಲ್ಲ. ಇನ್ನು ಅಗ್ನಿಮಿತ್ರೆಯ ಸರದಿ ಎಂದು ದೇವನು ಹೇಳಿದಾಗ, ಧರ್ಮದಲ್ಲಿ ಜೊತೆಯಾದವಳು, ಸುಖದುಃಖಗಳಲ್ಲಿ ಸಮಭಾಗಿಯಾದವಳು ಕಣ್ಮುಂದೆ ನಿಂತಳು. ಎದ್ದು ಹಿಡಿಯಲು ನುಗ್ಗಿದನು. ದೇವನು ಮಾಯವಾದನು, ತೋಳಿಗೆ ಸಿಕ್ಕಿದ್ದು ಕಂಬ. ಅವನು ಗಟ್ಟಿಯಾಗಿ ಕೂಗಿಕೊಂಡನು.

ಆ ಕೂಗು ಕೇಳಿ ಓಡಿಬಂದವಳು ಅಗ್ನಿಮಿತ್ರೆಯೇ. ಮಕ್ಕಳು ಕ್ಷೇಮವಾಗಿದ್ದಾರೆ, ಕಂಡದ್ದು ಉಪಸರ್ಗ ಎಂದು ತಿಳಿಹೇಳಿದಳು. ತನಗಾಗಿಯೇ ಪತಿಯ ಪೌಷಧ ಭಂಗವಾಯಿತೆಂದು ಅವಳು ಹಿಗ್ಗಲಿಲ್ಲ, ಜರೆಯಲೂ ಇಲ್ಲ; ಆಲೋಚನೆ ಮಾಡಿ ಪ್ರಾಯಶ್ಚಿತ್ತ ಕೈಗೊಳ್ಳಲು ಹೇಳಿದಳು. ಅವನು ವಿನಯದಿಂದ ಒಪ್ಪಿ ಹಾಗೆಯೇ ಮಾಡಿದನು.

ಅನಂತರ ಶ್ರಾವಕನ ಹನ್ನೊಂದು ಪ್ರತಿಮೆಗಳನ್ನು ಕ್ರಮವಾಗಿ ಪಾಲಿಸಿದನು. ಒಟ್ಟು 20 ವರ್ಷ ಶ್ರಾವಕನಾಗಿದ್ದು, ಒಂದು ತಿಂಗಳ ಸಲ್ಲೇಖನದಿಂದ ಸಮಾಧಿಮರಣವನ್ನು ಹೊಂದಿ ಸೌಧರ್ಮ ಕಲ್ಪದಲ್ಲಿ ದೇವನಾಗಿ ಹುಟ್ಟಿದನು. ಅಲ್ಲಿಂದ ಮಹಾವಿದೇಹದಲ್ಲಿ ಜನಿಸಿ ಸಿದ್ಧನಾಗುವನೆಂದು ಆಗಮ ಹೇಳುತ್ತದೆ.