ಚರ್ಮಕ್ಕೆ ಜೀವ ತಂದ ಕಾರ್ಲ್ ಏಕ್ಲಿ

ಕರು ಸತ್ತರೆ ಅದರ ತೊಗಲನ್ನು ಸುಲಿದು, ಒಣಹುಲ್ಲು ತುಂಬಿ ಹೊಲಿದು, ಹಾಲು ಕರೆಯುವ ಹೊತ್ತಿಗೆ ಹಸುವಿನ ಮುಂದೆ ತಂದು ನಿಲ್ಲಿಸುವ ಪದ್ಧತಿ ನಮ್ಮ ಹಳ್ಳಿಗಾಡಿನಲ್ಲಿ ಬಹುಕಾಲ ಇದ್ದಿತು. ಬಡಪಾಯಿ ಹಸು ಆ ಹುಲ್ಲಿನ ಕರುವನ್ನು ನೆಕ್ಕುತ್ತ ಸೊರೆ ಬಿಡುತ್ತಿತ್ತು. ತಾಯಿಗೆ ಬೇಕಾದದ್ದು ಕರುವಿನ ವಾಸನೆ. ಕಾಲು ಕೋಲಿನಂತಿದ್ದರೂ, ಹೊಟ್ಟೆ ಮೂಟೆಯಂತೆ ಉಬ್ಬಿದ್ದರೂ ಅವಳು ದೂರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಯೂರೋಪು ಅಮೆರಿಕಗಳ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ನಿಂತಿದ್ದ ಸಿಂಹ ಶಾರ್ದೂಲಗಳಲ್ಲಿ ಬಹುಪಾಲು ಇಂಥ ಹುಲ್ಲಿನ ಕರುಗಳೇ ಆಗಿದ್ದುವೆಂದರೆ ಓದುಗರಿಗೆ ಆಶ್ಚರ್ಯವಾದೀತು. ವಿದ್ಯಾರ್ಥಿಗಳು ಅವನ್ನು ನೋಡಿ ಪ್ರಾಣಿಶಾಸ್ತ್ರ ಕಲಿಯಬೇಕಾಗಿತ್ತು. ಹಸುವಿಗೆ ಸಾಕಾದದ್ದು ವಿದ್ಯಾರ್ಥಿಗೆ ಸಾಲದು ಎಂಬುದನ್ನು ಕಂಡು, ಅದನ್ನು ಸರಿಪಡಿಸಲೆಂದೇ ಬಾಳನ್ನು ಸವೆಸಿದವನು ಕಾರ್ಲ್ ಏಕ್ಲಿ.

ಆತ ಹುಟ್ಟಿದ್ದು 1864ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಕ್ಲಾರೆಂಡನ್ ಎಂಬ ಊರಿನ ಒಂದು ಬೇಸಾಯದ ಮನೆಯಲ್ಲಿ. ಶಾಲೆಯ ಓದು ಹೆಚ್ಚಲ್ಲ. ಪರಿಚಯದವರ ಮನೆಯ ಕನೇರಿ ಹಕ್ಕಿಯೊಂದು ಸತ್ತಾಗ, ಅವರ ದುಃಖ ನೋಡಲಾರದೆ ಹುಡುಗ ಆ ಹಕ್ಕಿಯ ಚರ್ಮವನ್ನು ಬಿಡಿಸಿ, ತುಂಬಿ, ಮತ್ತೆ ಹಕ್ಕಿಯಾಗಿ ನಿಲ್ಲಿಸಿಕೊಟ್ಟನಂತೆ. ಸತ್ತ ಪ್ರಾಣಿಯ ಚರ್ಮವನ್ನು ಕೆಡದಂತೆ ಹದಗೊಳಿಸಿ ಅದಕ್ಕೆ ಸಜೀವ ರೂಪ ಕೊಡುವ ಈ ಕೆಲಸಕ್ಕೆ ಟ್ಯಾಕ್ಸಿಡರ್ಮಿ ಎಂದು ಹೆಸರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1883ರಲ್ಲಿ, ಏಕ್ಲಿ ರಾಚೆಸ್ಟರ್ ನಗರದ ವಾರ್ಡ್ ಎಂಬುವರ ಕಾರ್ಯಾಗಾರವನ್ನು ಸೇರಿದನು. ದೇಶದ ವಸ್ತುಸಂಗ್ರಹಾಲಯಗಳಿಗೆಲ್ಲ ಪ್ರಾಣಿಗಳ ಅಸ್ಥಿಪಂಜರ, ಚರ್ಮಗಳನ್ನು ಸಿದ್ಧಪಡಿಸಿ ಕಳುಹಿಸುತ್ತಿದ್ದ ಸ್ಥಳ ಅದು. ಸಂಬಳ ವಾರಕ್ಕೆ ಮೂರೂವರೆ ಡಾಲರು. ಊಟ ವಸತಿಗೆ ಆತ ಕೊಡಬೇಕಾದದ್ದು ನಾಲ್ಕು ಡಾಲರು. ವಿದ್ಯೆಗೆ ಹೀಗೆ ಮೊದಲ ದಿನದಿಂದಲೇ ಬಡ್ಡಿ ಕಟ್ಟುತ್ತ ಬಂದ ಶಿಷ್ಯರು ನಮ್ಮಲ್ಲಿಯೂ ಕಡಮೆಯಿಲ್ಲ.

ಅಲ್ಲಿ ಆತ ಕಂಡ ವಿದ್ಯೆಯಾದರೂ ಎಂಥದು! ಚರ್ಮಕ್ಕೆ ಉಪ್ಪು, ಪಟಿಕ, ಪಾಷಾಣಗಳನ್ನು ಸವರುವುದು, ಕಾಲಿನ ಮೂಳೆಗಳಿಗೆ ತಂತಿ ಸುತ್ತಿ ಪ್ರಾಣಿಯನ್ನು ತಲೆಕೆಳಗಾಗಿ ತೂಗುಹಾಕುವುದು, ಇನ್ನು ಹಿಡಿಸಲಾರದೆನ್ನುವವರೆಗೆ ಒಳಗೆ ಹುಲ್ಲು ತುರುಕುವುದು, ಹೊಲಿದು ನಿಲ್ಲಿಸುವುದು. ಹೆಗಲೆಲ್ಲಿ, ಪಕ್ಕೆಯೆಲ್ಲಿ, ತೊಡೆಯ ಸ್ನಾಯು ಎಲ್ಲಿ ಮುಗಿದು ಎಲ್ಲಿ ತೊಡಗುತ್ತದೆ ಎಂದು ಕೇಳುವವರಿಲ್ಲ. ಕೇಳಿದ್ದರೆ ಅಷ್ಟು ಹೊತ್ತು ವ್ಯಯಮಾಡಲು ಹಣ ಕೊಡುವವರಿಲ್ಲ.

1885ರ ಸೆಪ್ಟೆಂಬರಿನಲ್ಲಿ ಕೆನಡಾ ದೇಶದ ಸೇಂಟ್ ಥಾಮಸ್ ಎಂಬಲ್ಲಿ, ಬಾರ್ನಮ್ಮನ ಸರ್ಕಸ್ಸಿನ ಲೋಕಪ್ರಸಿದ್ಧ ಆನೆ ಜಂಬೋ ರೈಲುಬಂಡಿಗೆ ಸಿಕ್ಕಿ ಸತ್ತಿತು. ಅದರ ಚರ್ಮವನ್ನು ನಿಲ್ಲಿಸುವ ಹೊಣೆ ವಾರ್ಡರ ಕಾರ್ಯಾಗಾರದ ಪಾಲಿಗೆ ಬಂದಾಗ ಕೆಲಸಕ್ಕೆ ನಿಂತವರಲ್ಲಿ ಏಕ್ಲಿ ಒಬ್ಬನು. ಚರ್ಮವೊಂದೇ ಸಾವಿರದ ಐನೂರು ಪೌಂಡಿಗೆ ಮೀರಿದ ಭಾರ. ಇಂಥದಕ್ಕೆ ಹುಲ್ಲು ತುಂಬಿ ಪ್ರಯೋಜನವಿಲ್ಲವೆಂಬುದು ಸ್ಪಷ್ಟವಾಯಿತು. ಒಳಗೊಂದು ಗಟ್ಟಿಯಾದ ಮರದ ಆಕಾರವನ್ನೇ ಕಟ್ಟಬೇಕಾಯಿತು. ಆದರೆ ಜಂಬೋ ಬದುಕಿದ್ದಾಗ ಇದ್ದುದಕ್ಕಿಂತ ದೊಡ್ಡದಾಗಿ ಕಾಣಬೇಕೆಂದು ಬಾರ್ನಮ್ಮನ ಆಶೆ. ಪ್ರದರ್ಶನಕಾರನಿಗೆ ಬೇಕಾದದ್ದು ವಿಸ್ಮಯ, ವಿಜ್ಞಾನಕ್ಕೆ ಬೇಕಾದದ್ದು ಅಳತೆ ಎಂಬ ಪಾಠವನ್ನು ತರುಣನು ಈ ಆನೆಯಿಂದ ಕಲಿತನೆಂದು ಊಹಿಸಬಹುದು. ಆ ಜಂಬೋ ಕೊನೆಗೆ ಟಫ್ಟ್ಸ್ ವಿದ್ಯಾಸಂಸ್ಥೆಯನ್ನು ಸೇರಿ, 1975ರ ಬೆಂಕಿಯಲ್ಲಿ ಸುಟ್ಟು ಬೂದಿಯಾಯಿತು.

ಮುಂದೆ ಮಿಲ್ವಾಕಿ ನಗರದಲ್ಲಿ ಕೆಲಸಕ್ಕೆ ನಿಂತ ಏಕ್ಲಿ, 1890ರಲ್ಲಿ ಮಸ್ಕ್‌ರ್ಯಾಟ್ ಎಂಬ, ನೀರಿನಲ್ಲಿ ಬಾಳುವ ಇಲಿಯ ಜಾತಿಯ ಸಣ್ಣ ಪ್ರಾಣಿಗಳ ಒಂದು ಗುಂಪನ್ನು ರಚಿಸಿದನು. ಬರಿಯ ಪ್ರಾಣಿಗಳಲ್ಲ, ಅವು ಬಾಳುವ ಜವುಗು, ಅವು ಕಟ್ಟುವ ಮನೆ, ನೀರಿನ ಮೇಲೆ ಒಂದು, ಕೆಳಗೆ ಒಂದು, ಹಿಂದೆ ಬಣ್ಣದಲ್ಲಿ ಬರೆದ ಬಯಲು. ಪ್ರಾಣಿಯನ್ನು ಅದರ ನೆಲೆಯಿಂದ ಬೇರ್ಪಡಿಸಿದರೆ ಅರ್ಧ ಪ್ರಾಣಿಯನ್ನು ಮಾತ್ರ ತೋರಿಸಿದಂತಾಗುತ್ತದೆ ಎಂಬ ತಿಳಿವಳಿಕೆ ಇಂದು ಸಾಮಾನ್ಯವಾಗಿದೆ. ಅಂದು ಹಾಗಿರಲಿಲ್ಲ. ಆ ಪುಟ್ಟ ರಚನೆ ಇಂದಿಗೂ ಮಿಲ್ವಾಕಿಯಲ್ಲಿ ಉಳಿದುಬಂದಿದೆ.

ಆತನ ನಿಜವಾದ ಸಾಧನೆ ರೂಪುಗೊಂಡದ್ದು ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ. ಆ ವಿಧಾನವನ್ನು ಕೊಂಚ ವಿವರವಾಗಿ ನೋಡುವುದು ಲೇಸು. ಏಕೆಂದರೆ ಏಕ್ಲಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ವಿಧಾನದ ಚರಿತ್ರೆಯೇ. ಕೆಲಸ ಕಾಡಿನಲ್ಲಿಯೇ ಆರಂಭವಾಗುತ್ತಿತ್ತು. ಬಿದ್ದ ಪ್ರಾಣಿಯ ಮೈಯನ್ನೆಲ್ಲ ಅಳೆದು, ಛಾಯಾಚಿತ್ರ ತೆಗೆದು, ಮುಖಕ್ಕೆ ಪ್ಲಾಸ್ಟರಿನ ಅಚ್ಚು ಹಿಡಿದು, ಚರ್ಮ ಬಿಡಿಸುವಾಗಲೇ ಸ್ನಾಯುಗಳ ಹೊಂದಿಕೆಯನ್ನು ಗುರುತುಮಾಡಿಕೊಂಡು, ಮೂಳೆಗಳನ್ನೂ ಸುತ್ತಮುತ್ತಲ ಎಲೆ ಹುಲ್ಲುಗಳನ್ನೂ ಜತೆಯಲ್ಲಿ ತರುವುದು. ಊರಿಗೆ ಬಂದಮೇಲೆ ತಲೆಬುರುಡೆ, ಕಾಲಿನ ಮೂಳೆಗಳನ್ನು ಮರ ಕಬ್ಬಿಣಗಳ ಚೌಕಟ್ಟಿನ ಮೇಲೆ ಯಥಾಸ್ಥಾನದಲ್ಲಿ ನಿಲ್ಲಿಸಿ, ಅದರ ಮೇಲೆ ಜೇಡಿಮಣ್ಣಿನಿಂದ ಒಂದೊಂದೇ ಸ್ನಾಯುವನ್ನು ಶಿಲ್ಪಿಯಂತೆ ಕಟ್ಟುತ್ತ ಹೋಗುವುದು. ಮಣ್ಣಿನ ಪ್ರಾಣಿ ಸಿದ್ಧವಾದೊಡನೆ ಅದಕ್ಕೆ ಪ್ಲಾಸ್ಟರಿನ ಅಚ್ಚು. ಅಚ್ಚಿನೊಳಗೆ ಕಾಗದದ ತಿರುಳು ಮತ್ತು ತಂತಿಬಲೆಯ ತೆಳುವಾದ ಪದರ. ಅಚ್ಚು ಕಳಚಿದರೆ ಹಗುರವಾದ, ಟೊಳ್ಳಾದ, ಆದರೆ ಪ್ರತಿಯೊಂದು ಉಬ್ಬು ತಗ್ಗೂ ಸರಿಯಾಗಿರುವ ಒಂದು ದೇಹ ಕೈಗೆ ಬರುತ್ತದೆ. ಹದಮಾಡಿದ ಚರ್ಮವನ್ನು ಅದಕ್ಕೆ ಹೊದಿಸಿದಾಗ ಸುಕ್ಕು ಸುಕ್ಕೂ ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಕೂರುತ್ತಿತ್ತು.

ಇದರಿಂದ ಪ್ರಾಣಿಶಾಸ್ತ್ರಕ್ಕೆ ಬಂದ ಲಾಭವೇನು? ಅಂಗಗಳನ್ನು ಕೊಯ್ದು ನೋಡುವ ವಿಜ್ಞಾನಿಗೆ ಸ್ನಾಯು ಗೊತ್ತು, ಅದರ ಚಲನೆ ಕಾಣದು. ಕಾಡಿನಲ್ಲಿ ಅಡಗಿ ನೋಡುವವನಿಗೆ ಚಲನೆ ಕಾಣುತ್ತದೆ, ಒಳಗಿನ ಕೀಲು ಕಾಣದು. ಪ್ರಾಣಿಯನ್ನು ಮತ್ತೆ ಕಟ್ಟಿ ನಿಲ್ಲಿಸಬೇಕಾದವನು ಇಬ್ಬರ ಪ್ರಶ್ನೆಗಳಿಗೂ ಒಂದೇ ಸಲಕ್ಕೆ ಉತ್ತರ ಹೇಳಬೇಕು. ಜಿಂಕೆ ತಲೆಯೆತ್ತಿ ಆಲಿಸುವಾಗ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ? ಆನೆ ಕಿವಿ ಅಗಲಿಸಿದಾಗ ಕತ್ತಿನ ಚರ್ಮ ಎತ್ತ ಸೆಳೆಯುತ್ತದೆ? ಪುಸ್ತಕದಲ್ಲಿಲ್ಲದ ಇಂಥ ನೂರು ಸಂಗತಿಗಳನ್ನು ಏಕ್ಲಿ ತಾನಾಗಿ ನೋಡಿ ತಿಳಿಯಬೇಕಾಯಿತು. ಮೈಸೂರಿನಲ್ಲಿ ವ್ಯಾನ್ ಇಂಗನ್ ಮನೆತನದವರು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ನಡೆಸಿದ ಕಾರ್ಖಾನೆಯ ಹುಲಿ ಚಿರತೆಗಳನ್ನು ಕಂಡ ನಮ್ಮವರಿಗೆ ಈ ಕಸುಬಿನ ನಯ ಅಪರಿಚಿತವಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬೇಟೆಗಾರರ ವಿಜಯದ ಗುರುತುಗಳು. ಏಕ್ಲಿಯ ಗುರಿ ಬೇರೆ.

ನಾಲ್ಕು ಋತುಗಳಲ್ಲಿ ವರ್ಜೀನಿಯಾ ಜಿಂಕೆಗಳನ್ನು ತೋರಿಸುವ ಆತನ ರಚನೆಗೆ ಸಾವಿರಗಟ್ಟಲೆ ಮೇಣದ ಎಲೆಗಳು ಬೇಕಾದುವು. ಅವನ್ನು ಮಾಡುವ ಕೆಲಸದಲ್ಲಿ ಹೆಗಲು ಕೊಟ್ಟವಳು ಹೆಂಡತಿ ಡೀಲಿಯ. ಆಕೆ ಆಫ್ರಿಕದ ಕಾಡುಗಳಲ್ಲಿ ಜತೆಗಿದ್ದು ಆನೆಗಳನ್ನೂ ಹೊಡೆದಳು. ಮುಂದೆ ದಾಂಪತ್ಯ ಮುರಿಯಿತು. ಗಂಡನ ಕೀರ್ತಿಯಲ್ಲಿ ಆಕೆಯ ಪಾಲು ಬಹುದಿನ ಮರೆಯಾಯಿತು. ಹೊರೆ ಹೊತ್ತು, ಜಾಡು ತೋರಿಸಿ, ಚರ್ಮ ಸುಲಿದ ಆಫ್ರಿಕದ ಜನರ ಹೆಸರುಗಳಂತೂ ಇನ್ನೂ ಹೆಚ್ಚಾಗಿ ಮರೆಯಾದುವು.

ಆಫ್ರಿಕಕ್ಕೆ ಆತ ಐದು ಬಾರಿ ಹೋದನು. 1896ರ ಮೊದಲ ಪ್ರವಾಸದಲ್ಲಿ ಗಾಯಗೊಂಡ ಚಿರತೆಯೊಂದು ಮೇಲೆರಗಿದಾಗ, ಅದರ ಗಂಟಲೊಳಗೆ ಮುಷ್ಟಿ ತುರುಕಿ ಬರಿಗೈಯಿಂದ ಕೊಂದನು. ಪತ್ರಿಕೆಗಳಿಗೆ ಪ್ರಿಯವಾದ ಕಥೆ ಇದು. 1910ರಲ್ಲಿ ಕೀನ್ಯಾ ಪರ್ವತದ ಬಳಿ ಆನೆಯೊಂದು ಆತನನ್ನು ನೆಲಕ್ಕೆ ಒತ್ತಿತು. ಎರಡು ದಂತಗಳ ನಡುವೆ ನುಸುಳಿದ್ದರಿಂದ ಜೀವ ಉಳಿಯಿತು. ಸಂಗಡಿಗರು ಸತ್ತನೆಂದೇ ತಿಳಿದಿದ್ದರು. ಸುದ್ದಿ ತಿಳಿದ ಡೀಲಿಯ ರಾತ್ರಿಯ ಕಾಡನ್ನು ಹಾದು ಬಂದು ಆತನನ್ನು ಉಳಿಸಿಕೊಂಡಳು. ಆ ಹೊತ್ತಿಗೆ ಆತ ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಕೆಲಸಮಾಡುತ್ತಿದ್ದನು. ಹಾಸಿಗೆ ಹಿಡಿದು ಮಲಗಿದ್ದ ಆ ದಿನಗಳಲ್ಲಿಯೇ, ಆಫ್ರಿಕದ ಪ್ರಾಣಿಲೋಕವನ್ನೆಲ್ಲ ಒಂದೇ ಮಂದಿರದಲ್ಲಿ ಉಳಿಸಿಡುವ ಸಂಕಲ್ಪ ಆತನ ಮನಸ್ಸಿನಲ್ಲಿ ಮೂಡಿತು. ಈ ಪ್ರಾಣಿಗಳು ಹೆಚ್ಚು ಕಾಲ ಉಳಿಯಲಾರವು ಎಂಬ ಭಯ ಅದರ ಬೇರು. ಉಳಿಯಲಾರದ್ದನ್ನು ಉಳಿಸಲು ಅದನ್ನೇ ಕೊಲ್ಲಬೇಕು: ಈ ತೊಡಕನ್ನು ಏಕ್ಲಿ ಅರಿಯದವನಲ್ಲ. ಆದರೆ ಅದರ ಪೂರ್ತಿ ಭಾರ ಆತನ ಮೇಲೆ ಬಿದ್ದದ್ದು 1921ರಲ್ಲಿ.

ಬೆಟ್ಟದ ಗೊರಿಲ್ಲಾ ವಿಜ್ಞಾನಕ್ಕೆ ತಿಳಿದುಬಂದದ್ದೇ ಒಂದು ಕೊಲೆಯಿಂದ. 1902ರಲ್ಲಿ ಫಾನ್ ಬೆರಿಂಗೆ ಎಂಬ ಜರ್ಮನ್ ಅಧಿಕಾರಿ ಸಬಿನ್ಯೋ ಪರ್ವತದ ಮೇಲೆ ಹೊಡೆದ ಪ್ರಾಣಿಯ ಅವಶೇಷದಿಂದ ಮರುವರ್ಷ ಅದಕ್ಕೆ ಶಾಸ್ತ್ರೀಯ ನಾಮಕರಣವಾಯಿತು. ಅದರ ಗುಣಸ್ವಭಾವದ ವಿಷಯದಲ್ಲಿ ಜನ ನಂಬಿದ್ದುದು, ಹತ್ತೊಂಬತ್ತನೆಯ ಶತಮಾನದ ನಡುವೆ ಪಶ್ಚಿಮ ಆಫ್ರಿಕದ ಗೊರಿಲ್ಲಾಗಳನ್ನು ಕುರಿತು ದು ಷಾಯ್ಯು ಎಂಬಾತ ಹಬ್ಬಿಸಿದ್ದ ಭೀಕರ ಕಥೆಗಳನ್ನು. ಏಕ್ಲಿ ಬೆಲ್ಜಿಯಂ ಆಳ್ವಿಕೆಯ ಕಾಂಗೋದಲ್ಲಿದ್ದ ಮಿಕೆನೊ, ಕರಿಸಿಂಬಿ ಪರ್ವತಗಳನ್ನು ಏರಿ ಹುಡುಕಿದನು. ತಂಡ ಐದು ಗೊರಿಲ್ಲಾಗಳನ್ನು ಕೊಂದಿತು. ಅವುಗಳಲ್ಲಿ ಒಂದು, ಇನ್ನೂ ಬೆಳೆಯುತ್ತಿದ್ದ ಮರಿ, ಬೇಟೆಯ ಸಹಾಯಕರ ಭರ್ಜಿಗೆ ಸಿಕ್ಕಿ ಸತ್ತಿತು. ಆ ಮರಿಯ ಮುಖದಲ್ಲಿ ಕಂಡ ನೋವು ಏಕ್ಲಿಯನ್ನು ಕಲಕಿಬಿಟ್ಟಿತು. ಸತ್ತವುಗಳ ಮುಖ, ಕೈ, ಕಾಲುಗಳಿಗೆ ಪ್ಲಾಸ್ಟರು ಹಿಡಿದನು. ಪ್ರತಿಯೊಂದು ಮುಖವೂ ಬೇರೆ. ಮನುಷ್ಯರ ಮುಖಗಳು ಹೇಗೋ ಹಾಗೆ. ಕೈಬೆರಳುಗಳಿಂದ ಆ ಹಣೆ, ಮೂಗು, ತುಟಿಗಳನ್ನು ಮತ್ತೆ ಮಣ್ಣಿನಲ್ಲಿ ತಿದ್ದಿದವನಿಗೆ ಅದು ರಾಕ್ಷಸನೆಂದು ನಂಬುವುದು ಸಾಧ್ಯವಾಗಲಿಲ್ಲ.

ಬಂದೂಕನ್ನು ಕೆಳಗಿಟ್ಟು ಆತ ತಾನೇ ರಚಿಸಿದ್ದ ಚಲನಚಿತ್ರಯಂತ್ರವನ್ನು ಎತ್ತಿಕೊಂಡನು. ಯಂತ್ರರಚನೆಯಲ್ಲಿ ಏಕ್ಲಿಯದು ಒಳ್ಳೆಯ ಕೈ. ಗೋಡೆಗೆ ಸಿಮೆಂಟು ಸಿಂಪಡಿಸುವ ಯಂತ್ರವೂ ಆತನದೇ. ಎತ್ತ ಬೇಕಾದರೂ ಸಲೀಸಾಗಿ ತಿರುಗುವ ಆ ಚಿತ್ರಯಂತ್ರದಿಂದ, ಕಾಡಿನಲ್ಲಿ ಸ್ವಚ್ಛಂದವಾಗಿರುವ ಗೊರಿಲ್ಲಾಗಳ ಮೊತ್ತಮೊದಲ ಚಲನಚಿತ್ರವನ್ನು ತೆಗೆದನು. ನಿಲ್ಲಿಸಿದ ಚರ್ಮ ಹೇಳಲಾರದ ಸಂಗತಿಗಳಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ. ತಾಯಿ ಮರಿಯನ್ನು ಹೇಗೆ ಬೆಳೆಸುತ್ತದೆ, ಗುಂಪು ಹೇಗೆ ಒಡೆಯುತ್ತದೆ, ಮುಪ್ಪು ಹೇಗೆ ಬರುತ್ತದೆ ಎಂಬುದು ಗಾಜಿನ ಹಿಂದೆ ಕಾಣದು. ಇನ್ನೊಂದು ಕೊರತೆಯೂ ಉಂಟು: ಇಂಥ ಪ್ರದರ್ಶನಕ್ಕೆ ಆರಿಸುವುದು ಯಾವಾಗಲೂ ಕುಂದಿಲ್ಲದ ಪ್ರಾಣಿಯನ್ನು, ಕಾಡು ಹಾಗೆ ಆರಿಸುವುದಿಲ್ಲ.

ಆದರೂ ಚರ್ಮದ ಋಣ ಸಣ್ಣದಲ್ಲ. ಜೀಬ್ರಾದ ಬಳಗದ ಕ್ವಾಗ ಎಂಬ ಪ್ರಾಣಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಿರ್ವಂಶವಾಯಿತು. 1984ರಲ್ಲಿ, ಜರ್ಮನಿಯ ಮೈನ್ಜ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ನೂರ ನಲವತ್ತು ವರ್ಷ ಹಳೆಯ ಕ್ವಾಗ ಚರ್ಮದಲ್ಲಿ ಅಂಟಿಕೊಂಡಿದ್ದ ಒಣಮಾಂಸದ ಚೂರಿನಿಂದ ಆನುವಂಶಿಕ ದ್ರವ್ಯವನ್ನು ಬೇರ್ಪಡಿಸಿ ಓದಲಾಯಿತು. ನಿರ್ವಂಶವಾದ ಪ್ರಾಣಿಯೊಂದರ ವಿಷಯದಲ್ಲಿ ಹೀಗಾದದ್ದು ಅದೇ ಮೊದಲು. ಚರ್ಮವನ್ನು ಚೊಕ್ಕಟವಾಗಿ ಹೆರೆಯದೆ ಬಿಟ್ಟ ಹಳೆಯ ಕಾಲದ ಕಸುಬುದಾರನ ಅಜಾಗ್ರತೆಗೆ ವಿಜ್ಞಾನ ಕೃತಜ್ಞವಾಗಿರಬೇಕಾಯಿತು! ಏಕ್ಲಿಯ ಕೈಗೆ ಸಿಕ್ಕಿದ್ದರೆ ಆ ಚೂರು ಉಳಿಯುತ್ತಿರಲಿಲ್ಲವೇನೋ.

ಊರಿಗೆ ಹಿಂದಿರುಗಿದ ಏಕ್ಲಿ ಗೊರಿಲ್ಲಾಗಳಿಗೆ ಅಭಯ ಬೇಡಲು ತೊಡಗಿದನು. ಬರೆದನು, ಭಾಷಣ ಮಾಡಿದನು, ಬೆಲ್ಜಿಯಂ ದೊರೆ ಒಂದನೆಯ ಆಲ್ಬರ್ಟನವರೆಗೂ ಮಾತು ಮುಟ್ಟಿಸಿದನು. 1925ರ ಏಪ್ರಿಲಿನಲ್ಲಿ ಆ ಪರ್ವತಗಳ ಮೇಲೆ ದೊರೆಯ ಹೆಸರಿನ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಅದರ ಮುಂದುವರಿಕೆಯೇ ಇಂದಿನ ವಿರುಂಗ. ಕೊಂದ ಕೈಯೇ ಬೇಲಿ ಹಾಕಿಸಿತೆಂದು ಹೊಗಳುವವರುಂಟು. ಬೇಲಿ ಹಾಕಿಸಿದರೂ ಕೊಂದದ್ದು ಕೊಂದದ್ದೇ ಎನ್ನುವವರೂ ಉಂಟು. ಆತನಾದರೂ ಲೆಕ್ಕ ತೀರಿತೆಂದು ಸುಮ್ಮನೆ ಕುಳಿತವನಂತೆ ಕಾಣುವುದಿಲ್ಲ.

1926ರಲ್ಲಿ ಎರಡನೆಯ ಹೆಂಡತಿ ಮೇರಿ ಜೋಬ್, ಹಿನ್ನೆಲೆಯ ಚಿತ್ರ ಬರೆಯಲು ಬಂದ ಲೀ ಎಂಬ ಚಿತ್ರಕಾರ, ಇವರೊಡನೆ ಅದೇ ಪರ್ವತವನ್ನು ಮತ್ತೆ ಹತ್ತಿದನು. ಮೈಯಲ್ಲಿ ಜ್ವರ. ಮಿಕೆನೊ ಕರಿಸಿಂಬಿಗಳ ನಡುವಿನ ಕಬಾರ ಎಂಬ ಎತ್ತರದ ಹುಲ್ಲುಗಾವಲನ್ನು ತಲುಪಿದ ಕೆಲವೇ ದಿನಗಳಲ್ಲಿ, ನವೆಂಬರ್ 17ರಂದು, ತೀರಿಕೊಂಡನು. ಅಲ್ಲಿಯೇ ಮಣ್ಣುಮಾಡಿದರು. ಲೀ ತನ್ನ ಕೆಲಸ ಮುಗಿಸಿಯೇ ಇಳಿದನು.

1936ರಲ್ಲಿ ನ್ಯೂಯಾರ್ಕಿನಲ್ಲಿ ಆತನ ಹೆಸರಿನ ಮಂದಿರ ತೆರೆಯಿತು. ನಡುವೆ ಎಂಟು ಆನೆಗಳ ಹಿಂಡು. ಸುತ್ತ, ಕ್ರಮೇಣ ಪೂರ್ತಿಯಾದ 28 ದೃಶ್ಯಗಳು. ಗೊರಿಲ್ಲಾಗಳ ದೃಶ್ಯದ ಮುಂದೆ ನಿಂತವನಿಗೆ ಅವುಗಳ ಹಿಂದೆ ಹಸುರು ಕಣಿವೆಯೂ ದೂರದ ಜ್ವಾಲಾಮುಖಿಗಳೂ ಕಾಣುತ್ತವೆ. ಆ ನೋಟ ಆತನ ಸಮಾಧಿಯ ಪರಿಸರದ್ದೇ.

1959ರಲ್ಲಿ ಜಾರ್ಜ್ ಶಾಲರ್ ಎಂಬ ತರುಣ ವಿಜ್ಞಾನಿ ಕಬಾರದ ಗುಡಿಸಿಲಿನಲ್ಲಿ ಬಿಡಾರ ಹೂಡಿದನು. ಬಾಗಿಲಿನಿಂದ ಸ್ವಲ್ಪ ದೂರದಲ್ಲಿಯೇ ಏಕ್ಲಿಯ ಗೋರಿ. ಪ್ರತಿದಿನ ಅದನ್ನು ಹಾದು ಮಳೆಯಲ್ಲಿ, ಮಂಜಿನಲ್ಲಿ ಗೊರಿಲ್ಲಾಗಳ ಬಳಿಗೆ ಹೋಗಿ, ಒಂದನ್ನೂ ಕೊಲ್ಲದೆ, ಮುಖಗಳ ವ್ಯತ್ಯಾಸದಿಂದಲೇ ಒಂದೊಂದನ್ನೂ ಗುರುತಿಸಿ ಬರೆದುಕೊಳ್ಳುತ್ತಿದ್ದನು.