ಓಮ್ ಎಂದರೆ ಓಂಕಾರವೇ? ಬಿಸಿಯಾಗುವ ಪ್ಲಗ್ ಮತ್ತು ಒಬ್ಬ ಜರ್ಮನ್ ಮೇಷ್ಟ್ರ ಕಥೆ

ಹರಿಹರದ ಓದುಗರೊಬ್ಬರು ನಮಗೆ ವಾಟ್ಸಾಪ್‌ನಲ್ಲಿ ಎರಡು ಪ್ರಶ್ನೆ ಕಳಿಸಿದ್ದರು. ವಿದ್ಯುತ್ ರೋಧ ಅಳೆಯುವ ‘ಓಮ್’ ನಮ್ಮ ಓಂಕಾರದಿಂದ ಬಂದದ್ದೇ? ನೀರು ಕಾಯಿಸುವ ಕಾಯಿಲ್ ಹಾಕಿದರೆ ಪ್ಲಗ್ ಯಾಕೆ ಸುಡುತ್ತದೆ? ದಾವಣಗೆರೆಯ ನಮ್ಮ ಗೆಳೆಯರೊಬ್ಬರ ಬಾಡಿಗೆ ಮನೆಯಲ್ಲೂ ಇದೇ ಪ್ಲಗ್ಗಿನ ದೂರು.

ಮೊದಲನೆಯದಕ್ಕೆ ಉತ್ತರ: ಅಲ್ಲ. ಓಮ್ ಎಂಬುದು ಜರ್ಮನಿಯ ಒಂದು ಮನೆತನದ ಹೆಸರು. ಗೆಯೊರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಎರ್ಲಾಂಗೆನ್ ಊರಿನಲ್ಲಿ. ತಂದೆ ಬೀಗ ಮಾಡುವ ಕಸುಬಿನವರು. ತಾವೇ ಓದಿ ಕಲಿತು ಮಕ್ಕಳಿಗೂ ಗಣಿತ, ವಿಜ್ಞಾನ ಕಲಿಸಿದರು. ಹತ್ತು ವರ್ಷಕ್ಕೇ ತಾಯಿ ತೀರಿಹೋದರು. 1805ರಲ್ಲಿ ವಿಶ್ವವಿದ್ಯಾಲಯ ಸೇರಿದ ಹುಡುಗ ಕುಣಿತ, ಹಿಮದ ಮೇಲೆ ಜಾರಾಟ, ಬಿಲಿಯರ್ಡ್ಸ್ ಅಂತ ಕಾಲ ಕಳೆದಾಗ ಅಪ್ಪನಿಗೆ ಸಿಟ್ಟು ಬಂತು. ಓದು ಬಿಡಿಸಿದರು. ಓಮ್ ಸ್ವಿಟ್ಜರ್‌ಲೆಂಡಿನಲ್ಲಿ ಗಣಿತದ ಮೇಷ್ಟ್ರಾದರು, 1811ರಲ್ಲಿ ಮರಳಿ ಬಂದು ಡಾಕ್ಟರೇಟ್ ಪಡೆದರು.

1817ರಿಂದ ಕಲೋನ್ ನಗರದ ಶಾಲೆಯಲ್ಲಿ ಪಾಠ. ಅಲ್ಲಿಯ ಪ್ರಯೋಗಾಲಯ ಚೆನ್ನಾಗಿತ್ತು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಾಮ್ರದ ತಂತಿಗಳಲ್ಲಿ ಪ್ರವಾಹ ಹರಿಸಿ, ತೂಗುಬಿಟ್ಟ ಕಾಂತದ ಸೂಜಿ ಎಷ್ಟು ತಿರುಗುತ್ತದೆಂದು ನೋಡಿದರು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಲ್ಲುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿತ್ತು. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರ ಬೆಸೆದು, ಒಂದು ಬೆಸುಗೆಯನ್ನು ಕುದಿವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಈಗ ವೋಲ್ಟೇಜ್ ಅಲುಗಾಡಲಿಲ್ಲ. ತಂತಿ ಉದ್ದವಾದಷ್ಟೂ ಪ್ರವಾಹ ಕಡಿಮೆ ಎಂಬ ಲೆಕ್ಕ ಸಿಕ್ಕಿತು. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಬರುವುದೇ ರೋಧ.

1827ರಲ್ಲಿ ಪುಸ್ತಕ ಬಂತು. ಮೆಚ್ಚಿದವರು ಕಡಿಮೆ, ಭೌತಶಾಸ್ತ್ರದಲ್ಲಿ ಇಷ್ಟೊಂದು ಗಣಿತವೇ ಎಂದವರೇ ಹೆಚ್ಚು. ಓಮ್ ಅವರನ್ನು ಕೆಲಸದಿಂದ ಕಿತ್ತುಹಾಕಿದರು ಎಂಬ ಮಾತೂ ಇದೆ. ಹಾಗಲ್ಲ, ಬೇಸರದಿಂದ ಅವರೇ ಬಿಟ್ಟರು. ಮುಂದೆ ಬರ್ಲಿನ್‌ನಲ್ಲಿ ಕಡಿಮೆ ಸಂಬಳದ ಪಾಠ. 1833ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೆಲಸ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ಬಯಸಿದ ಪ್ರೊಫೆಸರ್ ಹುದ್ದೆ ಮ್ಯೂನಿಕ್‌ನಲ್ಲಿ ದಕ್ಕಿದ್ದು 1852ಕ್ಕೆ. ಎರಡೇ ವರ್ಷ, 1854ರ ಜುಲೈ 6ರಂದು ತೀರಿಕೊಂಡರು. 1881ರ ಪ್ಯಾರಿಸ್ ಸಮ್ಮೇಳನ ರೋಧದ ಮಾನಕ್ಕೆ ಅವರ ಹೆಸರನ್ನೇ ಒಪ್ಪಿತು.

ಇನ್ನು ಕಾಯಿಲ್. ಡಬ್ಬದ ಮೇಲೆ 1500 ವ್ಯಾಟ್ ಎಂದಿರಲಿ, ಮನೆಗೆ ಬರುವುದು 230 ವೋಲ್ಟ್. ವ್ಯಾಟ್ ಎಂದರೆ ವೋಲ್ಟೇಜ್ ಗುಣಿಸು ಪ್ರವಾಹ, ಹಾಗಾಗಿ 1500 ಭಾಗಿಸು 230, ಸುಮಾರು 6.5 ಆಂಪಿಯರ್. 230 ಭಾಗಿಸು 6.5, ಕಾಯಿಲ್‌ನ ರೋಧ ಸುಮಾರು 35 ಓಮ್. ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್ 6 ಆಂಪಿಯರಿನದು, ಅಲ್ಲೇ ಮಿತಿ ಮೀರಿತು. ಸಾಕೆಟ್ ಸಡಿಲವಾಗಿ ಅಲ್ಲಿ ಬರೀ ಅರ್ಧ ಓಮ್ ರೋಧ ಹುಟ್ಟಿತು ಅನ್ನಿ. ಪ್ರವಾಹದ ವರ್ಗಕ್ಕೆ ರೋಧ ಗುಣಿಸಿದರೆ ಶಾಖದ ಲೆಕ್ಕ (ಇದು ಜೌಲ್ ಕಂಡುಕೊಂಡದ್ದು): ಸುಮಾರು 21 ವ್ಯಾಟ್. ಸಣ್ಣ ಬೆಸುಗೆ ಕಡ್ಡಿಯಷ್ಟು ಶಾಖ ಆ ಪ್ಲಾಸ್ಟಿಕ್ಕಿನೊಳಗೆ! ಕಾಯಿಲ್‌ಗೆ 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ.